ಚುಕ್ಕಿಗಳು ಸಾಲಾಗುವುದು ಎಲ್ಲಿ?

ಶಿರಸಿಯ ಓದುಗರೊಬ್ಬರು ಬರೆಯುತ್ತಾರೆ: “ರಂಗೋಲಿಗೆ ಚುಕ್ಕಿ ಇಟ್ಟು ಮುಗಿಸಿದ ಕೂಡಲೇ ನನಗೆ ಬಿಡಿ ಚುಕ್ಕಿಗಳು ಕಾಣುವುದಿಲ್ಲ, ಸಾಲುಗಳೇ ಕಾಣುತ್ತವೆ. ಎಳೆ ಸುತ್ತಿದ ಮೇಲೆ ಆ ಸಾಲುಗಳೂ ಮಾಯವಾಗುತ್ತವೆ. ಇದು ಕಣ್ಣಿನ ಕೆಲಸವೋ, ಮನಸ್ಸಿನದೋ? ಅಥವಾ ಚಿಕ್ಕಂದಿನಿಂದ ರಂಗೋಲಿ ಹಾಕಿದ್ದರಿಂದ ಬಂದ ರೂಢಿಯೋ?”

ಸಂಪಾದಕರ ಉತ್ತರ:

ಮಾನ್ಯರೇ,

ಮ್ಯಾಕ್ಸ್ ವರ್ತೈಮರ್ ಎಂಬ ಮನೋವಿಜ್ಞಾನಿ 1923ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದು ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಅದರಲ್ಲಿ ಅವರು ಬಳಸಿಕೊಂಡ ಸಾಮಗ್ರಿಯೂ ಬಹುಮಟ್ಟಿಗೆ ಚುಕ್ಕಿ ಮತ್ತು ಗೆರೆಗಳೇ. ಅವರ ವಾದವನ್ನು ನಿಮ್ಮ ಅಂಗಳದಲ್ಲಿಯೇ ಪರೀಕ್ಷಿಸಬಹುದು. ಸಾಲಿಗೆ ಆರರಂತೆ ಆರು ಸಾಲು ಚುಕ್ಕಿಗಳನ್ನು ಎಲ್ಲ ಕಡೆ ಸಮನಾದ ಅಂತರ ಬಿಟ್ಟು ಇಟ್ಟರೆ, ನೋಡುತ್ತಿದ್ದಂತೆಯೇ ಒಮ್ಮೆ ಅಡ್ಡಸಾಲು, ಮತ್ತೊಮ್ಮೆ ಉದ್ದಸಾಲು ಮುಂದೆ ಬರುತ್ತದೆ. ಅಕ್ಕಪಕ್ಕದ ಅಂತರವನ್ನು ತುಸು ಕಡಿಮೆ ಮಾಡಿದಿರೋ, ಅಡ್ಡಸಾಲು ಗಟ್ಟಿಯಾಗಿ ನಿಂತುಬಿಡುತ್ತದೆ. ಹಟ ಹಿಡಿದು ನೋಡಿದರೂ ಉದ್ದಸಾಲು ಬಹಳ ಹೊತ್ತು ನಿಲ್ಲುವುದಿಲ್ಲ. ಇನ್ನು ಅಂತರವನ್ನು ಹಾಗೆಯೇ ಬಿಟ್ಟು, ಒಂದು ಬಿಟ್ಟು ಒಂದು ಉದ್ದಸಾಲನ್ನು ಬಿಳಿ ಪುಡಿಯ ಬದಲು ಕೆಮ್ಮಣ್ಣಿನಿಂದ ಇಟ್ಟರೆ ಉದ್ದಸಾಲುಗಳು ಮತ್ತೆ ಎದ್ದು ಕಾಣಬಹುದು. ಹತ್ತಿರ ಇರುವುದು ಒಂದು ಗುಂಪು, ಒಂದೇ ಬಗೆಯದು ಒಂದು ಗುಂಪು, ಒಟ್ಟಿಗೆ ಚಲಿಸುವುದು ಒಂದು ಗುಂಪು ಎಂಬ ಈ ನಿಯಮಗಳನ್ನು ಈಗ ವಿನ್ಯಾಸದ ತರಗತಿಗಳಲ್ಲಿ ಮಗ್ಗಿಯಂತೆ ಕಂಠಪಾಠ ಮಾಡಿಸುತ್ತಾರೆ. ಆದರೆ ಎರಡು ನಿಯಮಗಳು ಎದುರುಬದುರಾದಾಗ ಗೆಲ್ಲುವುದು ಯಾವುದು ಎಂಬುದು ಅಂತರ ಎಷ್ಟು, ಬಣ್ಣದ ವ್ಯತ್ಯಾಸ ಎಷ್ಟು ಎಂಬುದನ್ನು ಅವಲಂಬಿಸಿದೆ. ಇದನ್ನು ಹೇಳಿಕೊಡುವವರು ಕಡಿಮೆ.

ಎಳೆ ಸುತ್ತಿದ ಮೇಲೆ ಸಾಲು ಮಾಯವಾಗುವುದಕ್ಕೆ ಕಾರಣ ಬೇರೆ. ಎರಡು ಎಳೆಗಳು ಒಂದನ್ನೊಂದು ದಾಟುವ ಜಾಗದಲ್ಲಿ ನೋಟವು ಮೂಲೆ ತಿರುಗದೆ, ಬಂದ ದಿಕ್ಕಿನಲ್ಲಿಯೇ ನಯವಾಗಿ ಮುಂದುವರಿಯುತ್ತದೆ. ಎಷ್ಟೇ ತೊಡಕಾದ ಎಳೆ ರಂಗೋಲಿಯಲ್ಲೂ ನಾವು ಒಂದು ಎಳೆಯನ್ನು ಹಿಡಿದು ಹೋಗಬಲ್ಲೆವಾದರೆ ಅದಕ್ಕೆ ಇದೇ ಕಾರಣ. ಅದೇ ಎಳೆ ಚುಕ್ಕಿಯ ಸುತ್ತ ಬಂದಾಗ ಆ ಚುಕ್ಕಿ ತನ್ನ ಆವರಣಕ್ಕೆ ಸೇರಿ, ಪಕ್ಕದ ಚುಕ್ಕಿಯಿಂದ ಬೇರೆಯಾಗುತ್ತದೆ. ಒಂದೇ ಆವರಣದೊಳಗಿನವು ಒಂದು ಗುಂಪಾಗುತ್ತವೆ, ನಡುವೆ ಗಡಿ ಬಂದರೆ ಹತ್ತಿರದವೂ ದೂರವಾಗುತ್ತವೆ ಎಂಬ ಈ ನಿಯಮವನ್ನು ಅಮೆರಿಕದ ಸ್ಟೀಫನ್ ಪಾಮರ್ 1992ರಲ್ಲಷ್ಟೇ ಹಳೆಯ ಪಟ್ಟಿಗೆ ಸೇರಿಸಿದರು. ಚುಕ್ಕಿಗಳು ಇಟ್ಟಲ್ಲಿಯೇ ಇವೆ. ಅವನ್ನು ಸಾಲಾಗಿ ಹಿಡಿದಿದ್ದ ಸಾಮೀಪ್ಯವು ಎಳೆಯ ಮುಂದೆ ಸೋತಿದೆ, ಅಷ್ಟೆ.

ನಮ್ಮ ಕಚೇರಿಯ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ. ಸಾಲುಗಳ ನಡುವೆ ಇಷ್ಟು ಜಾಗ ಬಿಟ್ಟು ಕಾಗದ ಏಕೆ ಹಾಳುಮಾಡುತ್ತೀರಿ ಎಂದು ಕೇಳುವ ಓದುಗರಿದ್ದಾರೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲುಗಳನ್ನು ಒತ್ತಿ ಜೋಡಿಸಿದರೆ ಒತ್ತು ತನ್ನ ಅಕ್ಷರಕ್ಕಿಂತ ಕೆಳಸಾಲಿನ ಗುಡಿಸಿಗೇ ಹತ್ತಿರವಾಗಿ, ಯಾವುದು ಯಾರದೆಂದು ಕಣ್ಣು ತಡವರಿಸುತ್ತದೆ. ಆ ಜಾಗವನ್ನು ಕಡಿಮೆ ಮಾಡುವ ಆಲೋಚನೆ ನಮಗಿಲ್ಲ.

ಕಣ್ಣೋ ಮನಸ್ಸೋ ಎಂಬ ನಿಮ್ಮ ವಿಂಗಡಣೆ ಇಲ್ಲಿ ಪೂರ್ತಿ ಹೊಂದುವುದಿಲ್ಲವೆಂದು ನನ್ನ ಅನಿಸಿಕೆ. ಅಕ್ಷಿಪಟಲದ ಮೇಲೆ ಬೀಳುವುದು ಬೆಳಕಿನ ಹರಹು ಮಾತ್ರ. ಯಾವ ಚುಕ್ಕಿ ಯಾವುದರ ಜೊತೆಗಾರ ಎಂಬುದು ಅಲ್ಲಿ ಬರೆದಿರುವುದಿಲ್ಲ. ಹಾಗೆಂದು ನೋಡಿಯಾದ ಮೇಲೆ ಕುಳಿತು ಯೋಚಿಸಿ ಮಾಡುವ ಜೋಡಣೆಯೂ ಇದಲ್ಲ. ಇಟಲಿಯ ಗೇಟಾನೋ ಕನಿಜಾ 1955ರಲ್ಲಿ ಒಂದು ಚಿತ್ರವನ್ನು ವಿವರಿಸಿದರು: ಒಂದೊಂದು ತುಂಡು ಕತ್ತರಿಸಿ ತೆಗೆದಂಥ ಮೂರು ಕಪ್ಪು ಬಿಲ್ಲೆಗಳನ್ನು ಸರಿಯಾಗಿ ಎದುರಿಟ್ಟರೆ, ಅವುಗಳ ನಡುವೆ ಬಿಳಿಯ ತ್ರಿಕೋನವೊಂದು ಅಂಚುಸಹಿತ ಕಾಣುತ್ತದೆ, ಆದರೆ ಕಾಗದದ ಮೇಲೆ ಆ ಅಂಚೇ ಇಲ್ಲ. ಇಲ್ಲವೆಂದು ತಿಳಿದ ಮೇಲೂ ಅದು ಕಾಣುತ್ತಲೇ ಇರುತ್ತದೆ. 1984ರಲ್ಲಿ ಜ್ಯೂರಿಕ್‌ನ ವಿಜ್ಞಾನಿಗಳು ಕೋತಿಗಳ ಮಿದುಳಿನಲ್ಲಿ, ದೃಷ್ಟಿಯ ಸಂಕೇತಗಳು ಬಂದು ಸೇರುವ ತೀರ ಆರಂಭದ ಭಾಗಗಳಲ್ಲೊಂದರಲ್ಲಿ, ಇಂಥ ಇಲ್ಲದ ಅಂಚುಗಳಿಗೂ ಸ್ಪಂದಿಸುವ ಜೀವಕೋಶಗಳನ್ನು ಕಂಡರು. ಗುಂಪು ಕಟ್ಟುವುದು ನೋಡುವ ಕ್ರಿಯೆಯ ಒಳಗೇ ನಡೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ತೋಚುವುದಿಲ್ಲ.

ರೂಢಿಯ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲಿದ ಕೆಲಸ ನಮ್ಮ ದೇಶದಲ್ಲಿಯೇ ನಡೆದಿದೆ. ಅಮೆರಿಕದ ಎಂಐಟಿಯ ಪವನ್ ಸಿನ್ಹಾ ದೆಹಲಿಯ ಕಣ್ಣಾಸ್ಪತ್ರೆಯೊಂದರ ಜೊತೆಗೂಡಿ ನಡೆಸಿದ ‘ಪ್ರಕಾಶ್’ ಯೋಜನೆಯಲ್ಲಿ, ಹುಟ್ಟಿನಿಂದ ದೃಷ್ಟಿಯಿಲ್ಲದೆ ಬೆಳೆದು ತಡವಾಗಿ ಚಿಕಿತ್ಸೆ ಪಡೆದವರನ್ನು ಅಧ್ಯಯನ ಮಾಡಿದರು. 2009ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಒಂದರ ಮೇಲೊಂದು ಹಾಯುವಂತೆ ಗೆರೆಯಲ್ಲಿ ಬರೆದ ಚೌಕ ಮತ್ತು ವೃತ್ತವನ್ನು ತೋರಿಸಿದಾಗ, ಅವರಿಗೆ ಎರಡು ಆಕೃತಿ ಕಾಣಲಿಲ್ಲ. ಗೆರೆಗಳು ದಾಟಿದಲ್ಲೆಲ್ಲ ತುಂಡರಿಸಿ, ಮುಚ್ಚಿದ ಒಂದೊಂದು ಭಾಗವನ್ನೂ ಒಂದೊಂದು ವಸ್ತುವೆಂದು ಎಣಿಸಿದರು. ನೀವು ಅನಾಯಾಸವಾಗಿ ಹಿಡಿದು ಹೋಗುವ ಎಳೆ ಅವರ ಪಾಲಿಗೆ ಪ್ರತಿ ಗಂಟಿನಲ್ಲೂ ಕಡಿದುಹೋಗುತ್ತಿತ್ತು. ಅದೇ ಆಕೃತಿಗಳು ಚಲಿಸತೊಡಗಿದಾಗ ಮಾತ್ರ ಎರಡೂ ಬೇರೆಬೇರೆಯಾಗಿ ಕಂಡವು, ಮತ್ತು ಕೆಲವು ತಿಂಗಳುಗಳ ನಂತರ ನಿಂತ ಚಿತ್ರಗಳನ್ನೂ ಅವರು ಸರಿಯಾಗಿ ವಿಂಗಡಿಸಬಲ್ಲವರಾದರು. ಒಟ್ಟಿಗೆ ಚಲಿಸುವುದನ್ನು ಒಂದಾಗಿ ಕಾಣುವ ಶಕ್ತಿ ಮೊದಲೇ ಒದಗಿ, ಉಳಿದ ನಿಯಮಗಳನ್ನು ಕಲಿಸಿಕೊಡುತ್ತದೆ ಎಂದು ಸಂಶೋಧಕರು ಊಹಿಸುತ್ತಾರೆ. ಆ ಊಹೆ ನನಗೂ ಒಪ್ಪಿಗೆಯಾಗಿದೆ.

ಆದ್ದರಿಂದ ರೂಢಿಗೆ ಪಾಲಿದೆ, ಆದರೆ ಅದು ರಂಗೋಲಿಯ ರೂಢಿಯಲ್ಲ. ದನ, ಜನ, ಗಾಳಿಗೆ ಅಲ್ಲಾಡುವ ಕೊಂಬೆಗಳನ್ನು ಶೈಶವದಿಂದ ನೋಡುತ್ತಾ ಬಂದ ರೂಢಿ. ರಂಗೋಲಿಯನ್ನು ಎಂದೂ ಹಾಕದವರಿಗೂ ನಿಮ್ಮ ಚುಕ್ಕಿಗಳು ಸಾಲಾಗಿಯೇ ಕಾಣುತ್ತವೆ. ಎಳೆಯನ್ನು ಯಾವ ಚುಕ್ಕಿಯಿಂದ ಹೊರಡಿಸಿದರೆ ಕೈ ಎತ್ತದೆ ಮುಗಿಸಬಹುದು ಎಂಬುದು ಮಾತ್ರ ಅವರಿಗೆ ತಿಳಿಯಲಾರದು.

— ಸಂಪಾದಕ