ರಾಕ್‌ಫೆಲ್ಲರ್ ದಂಪತಿಯ ಸಂಗ್ರಹದಲ್ಲಿದ್ದ, ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ನೈದಿಲೆ ಚಿತ್ರಕ್ಕೆ ಹರಾಜಿನಲ್ಲಿ ಅಷ್ಟೊಂದು ಬೆಲೆ ಬಂದದ್ದೇಕೆ?

ಅಮೆರಿಕದ ಹೆಸರಾಂತ ಸಿರಿವಂತ ಮನೆತನದ ಪೆಗ್ಗಿ ಮತ್ತು ಡೇವಿಡ್ ರಾಕ್‌ಫೆಲ್ಲರ್ ದಂಪತಿಯ ಬಳಿಯಿದ್ದ ಈ ಚಿತ್ರವು 2018ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ, ಹರಾಜು ಸಂಸ್ಥೆಯ ಶುಲ್ಕವೂ ಸೇರಿ, ಸುಮಾರು 8.47 ಕೋಟಿ ಡಾಲರ್‌ಗೆ ಮಾರಾಟವಾಯಿತು. ಸಂಗ್ರಹಕಾರರ ಹೆಸರು ಬೆಲೆಯನ್ನು ಏರಿಸಿತೆಂಬುದು ನಿಜವಾದರೂ ಮುಖ್ಯ ಕಾರಣ ಕೃತಿಯೇ ಎಂದು ನಾನು ಭಾವಿಸುತ್ತೇನೆ. ಮೊನೆ 1914–17ರ ಸುಮಾರಿಗೆ, ಕಣ್ಣಿನ ಪೊರೆ ಕಾಡುತ್ತಿದ್ದ ಕಾಲದಲ್ಲಿ, ಫ್ರಾನ್ಸಿನ ಜಿವರ್ನಿ ಗ್ರಾಮದ ತನ್ನ ಕೊಳವನ್ನು ಚಿತ್ರಿಸಿದ ಈ ಕೃತಿಯಲ್ಲಿ ದಡವೂ ಇಲ್ಲ, ದಿಗಂತವೂ ಇಲ್ಲ. ಗಾಢ ವರ್ಣದ ನೀರಿನ ಮೇಲೆ ಬಿಡುಬೀಸಾದ ಕುಂಚದಲ್ಲಿ ಮೂಡಿದ ತಿಳಿಬಣ್ಣದ ಹೂಗಳು ಮಾತ್ರ. ಮೊನೆಯ ಮರಣದ ನಂತರ ದಶಕಗಳ ಕಾಲ ಕಡೆಗಣಿಸಲಾಗಿದ್ದ ಇಂಥ ಕೊನೆಗಾಲದ ಕೃತಿಗಳ ಮಹತ್ವವನ್ನು ಬೇಗ ಗುರುತಿಸಿದವರಲ್ಲಿ ಒಬ್ಬರಾದ, ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದ ಆಲ್‌ಫ್ರೆಡ್ ಬಾರ್ ಅವರ ಸಲಹೆಯಂತೆ ದಂಪತಿ ಇದನ್ನು 1956ರಲ್ಲಿ ಕೊಂಡರು. ಅಲ್ಲಿಂದ ಆರು ದಶಕ ಒಂದೇ ಕುಟುಂಬದಲ್ಲಿ ಉಳಿದದ್ದರಿಂದ ಒಡೆತನದ ದಾಖಲೆಯೂ ಸ್ಪಷ್ಟವಾಗಿತ್ತು.