ಮಹಡಿ ಮೇಲಿನ ಟ್ಯಾಂಕಿನ ನೀರಿಗೆ ಟಬ್ ಜೊತೆ ಶವರ್ ಹಾಕಿಸಿದರೆ ಒತ್ತಡ ಸಾಕಾಗುತ್ತದಾ?

ಟಬ್‌ಗೆ ಸಾಕಾಗುತ್ತದೆ. ಶವರ್‌ಗೆ ಸಾಕಾ ಅನ್ನೋದು ಟ್ಯಾಂಕಿನ ಎತ್ತರದ ಮೇಲಿದೆ. ಟಬ್ ತುಂಬಲು ಜಾಸ್ತಿ ನೀರು ಬಂದರಾಯಿತು, ಶವರ್‌ನ ಸಣ್ಣ ತೂತುಗಳಿಂದ ಚಿಮ್ಮಲು ಒತ್ತಡವೇ ಬೇಕು. ನೀರು ಶವರ್‌ಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. 2 ಮೀಟರ್ ಇದ್ದರೆ ಬರೀ 0.2 ಬಾರ್. ಆಗ ಟಬ್ ನಲ್ಲಿಯಲ್ಲಿ ಧಾರಾಳವಾಗಿ ಸುರಿಯುವ ನೀರು ಶವರ್‌ನಲ್ಲಿ ಎಳೆ ಎಳೆಯಾಗಿ ಇಳಿಯುತ್ತದೆ.

ದಪ್ಪ ಪೈಪ್ ಹಾಕಿದರೆ ಒತ್ತಡ ಹುಟ್ಟುವುದಿಲ್ಲ, ದಾರಿಯಲ್ಲಿ ಪೋಲಾಗುವುದು ಕಡಿಮೆಯಾಗುತ್ತದೆ ಅಷ್ಟೇ. ಆದರೂ ಮುಕ್ಕಾಲು ಇಂಚಿನದನ್ನೇ ಹಾಕಿಸಿ, ಟಬ್ ಬೇಗ ತುಂಬುತ್ತದೆ. ಎತ್ತರ ಸಾಲದಿದ್ದರೆ ಪ್ರೆಶರ್ ಪಂಪ್ ಬೇಕೇ ಬೇಕು. ದಯವಿಟ್ಟು ಟೈಲ್ಸ್ ಕೂರಿಸುವ ಮೊದಲೇ ಅದಕ್ಕೆ ಜಾಗ, ಕರೆಂಟ್ ಪಾಯಿಂಟ್ ಬಿಡಿಸಿಕೊಳ್ಳಿ. ಬಿಸಿನೀರು, ತಣ್ಣೀರು ಎರಡೂ ಲೈನ್ ಆ ಪಂಪ್ ಮೂಲಕವೇ ಬರಲಿ. ಇಲ್ಲದಿದ್ದರೆ ಎರಡನ್ನೂ ಬೆರೆಸುವ ನಲ್ಲಿ, ಅಂದರೆ ಮಿಕ್ಸರ್‌ನಲ್ಲಿ ಹದ ಸಿಗುವುದಿಲ್ಲ.