ಕಡಲಾಳದ ಬಣ್ಣಗಳ ಹಾಯ್ಕು: ಮೊದಲು ಬೆಳಕನ್ನು ವಿಚಾರಿಸೋಣ

ನಮಸ್ಕಾರ. ಕಡಲಾಳದ ವರ್ಣಮಯ ಬದುಕಿನ ಬಗ್ಗೆ ನೀವು ಬಳಗದಲ್ಲಿ ಹಂಚಿಕೊಂಡ ಮೂರು ಹಾಯ್ಕುಗಳನ್ನೂ ಅವುಗಳ ಕೆಳಗೆ ಕೇಳಿದ ಪ್ರಶ್ನೆಗಳನ್ನೂ ಓದಿದೆ. ಮೂರು ಸಾಲಿನ ಜಪಾನಿ ಕವಿತೆಯಾದ ಹಾಯ್ಕುವಿನ ಐದು-ಏಳು-ಐದು ಅಕ್ಷರಗಳ ಲೆಕ್ಕ ಸರಿಯಾಗಿದ್ದರೂ ಚಿತ್ರ ಕಣ್ಣಿಗೆ ಕಟ್ಟುತ್ತಿಲ್ಲವೇಕೆ, ಸಮುದ್ರದ ಆಳವನ್ನು ಎಂದೂ ಕಾಣದವರು ಅದರ ಮೇಲೆ ಬರೆಯಬಹುದೇ, ಬಿಸಿಲು ಮಳೆಗಳೇ ಇಲ್ಲದ ಜಾಗಕ್ಕೆ, ಹಾಯ್ಕುವಿನಲ್ಲಿ ರೂಢಿಯಾಗಿ ಬರುವ, ಋತುವನ್ನು ಸೂಚಿಸುವ ಪದವನ್ನು ಎಲ್ಲಿಂದ ತರುವುದು ಎಂದು ಕೇಳಿದ್ದೀರಿ. ತಡವಾಗಿ ಚರ್ಚೆಗೆ ಬಂದವರಿಗೆ ಅನುಕೂಲವಾಗಲೆಂದು ನಿಮ್ಮ ಮೂರನ್ನೂ ಇಲ್ಲಿ ಮತ್ತೆ ಬರೆದುಕೊಂಡಿದ್ದೇನೆ.

ಕಡಲಾಳದಿ
ಬಣ್ಣಬಣ್ಣದ ಮೀನು
ಕುಣಿಯುತಿವೆ

ಕೆಂಪು ಸೀಗಡಿ
ಕತ್ತಲ ಕಡಲಲಿ
ಹೊಳೆವ ಕೆಂಡ

ಸಾವಿರ ಬಣ್ಣ
ಸಾಗರದ ಗರ್ಭದಿ
ದೇವರ ಲೀಲೆ

ನನ್ನ ಅಭಿಪ್ರಾಯದಲ್ಲಿ ತೊಡಕು ಇರುವುದು ಪದಗಳಲ್ಲಿ ಅಷ್ಟಾಗಿ ಅಲ್ಲ, ಬೆಳಕಿನಲ್ಲಿ. ನೆಲದ ಮೇಲೆ ಹಗಲಿಡೀ ಬಿಸಿಲು ಇರುವುದರಿಂದ ದಾಸವಾಳ ಕೆಂಪು ಎಂದು ಬರೆದುಬಿಟ್ಟರೆ ಸಾಕು, ಅದನ್ನು ಯಾವ ಬೆಳಕಿನಲ್ಲಿ ಕಂಡಿರಿ ಎಂದು ಯಾರೂ ಕೇಳುವುದಿಲ್ಲ. ಕಡಲಾಳದಲ್ಲಿ ಅದನ್ನು ಕೇಳಲೇಬೇಕಾಗುತ್ತದೆ. ಎಷ್ಟು ಆಳ, ಯಾರ ಬೆಳಕು, ನೋಡುತ್ತಿರುವ ಕಣ್ಣು ಯಾರದು ಎಂಬುದನ್ನು ನಿಮ್ಮೊಳಗೆ ಖಚಿತ ಮಾಡಿಕೊಂಡು ಬರೆದರೆ ಚಿತ್ರ ತಾನಾಗಿಯೇ ಗಟ್ಟಿಯಾಗುತ್ತದೆ.

ಮೊದಲನೆಯ ಹಾಯ್ಕುವನ್ನು ನೋಡೋಣ. ಬಣ್ಣಬಣ್ಣದ ಮೀನುಗಳು ಗುಂಪಾಗಿ ಸುಳಿದಾಡುವುದು ಹವಳದ ದಿಬ್ಬಗಳ ಸುತ್ತ, ಬಿಸಿಲು ತಲುಪುವ ತಿಳಿನೀರಿನಲ್ಲಿ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಡೈವಿಂಗ್ ಮಾಡಿದವರು ಕಾಣುವುದು ಇಂಥ ಮೀನುಗಳನ್ನೇ, ಆದರೆ ಅದು ಆಳಸಮುದ್ರವಲ್ಲ. ನೀರು ಸೂರ್ಯನ ಬೆಳಕಿನಲ್ಲಿರುವ ಕೆಂಪನ್ನು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆ. ಮೇಲಿನ ಹತ್ತು ಹದಿನೈದು ಮೀಟರುಗಳಲ್ಲೇ ಅದರ ಬಹುಪಾಲು ಮುಗಿದುಹೋಗಿರುತ್ತದೆ. ಬಳಿಕ ಕಿತ್ತಳೆ ಮತ್ತು ಹಳದಿ ಅಳಿಯುತ್ತವೆ, ನೀಲಿಯೊಂದೇ ಬಹಳ ಕೆಳಗಿನವರೆಗೆ ಉಳಿಯುತ್ತದೆ. ಸುಮಾರು 200 ಮೀಟರ್ ದಾಟಿದ ಮೇಲೆ ಸಸ್ಯಗಳು ಆಹಾರ ತಯಾರಿಸಿಕೊಳ್ಳಲು ಸಾಲುವಷ್ಟು ಬೆಳಕಿರುವುದಿಲ್ಲ, 1,000 ಮೀಟರಿನಿಂದ ಕೆಳಗೆ ಸೂರ್ಯನ ಬೆಳಕು ಇಳಿಯುವುದೇ ಇಲ್ಲ. ಸಾಗರಗಳ ಸರಾಸರಿ ಆಳ ಸುಮಾರು 3,700 ಮೀಟರ್ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ಭೂಮಿಯ ಮೇಲೆ ಜೀವಿಗಳಿಗೆ ದಕ್ಕಿರುವ ಜಾಗದಲ್ಲಿ ಹೆಚ್ಚಿನದು ಸದಾ ಕತ್ತಲಲ್ಲೇ ಇದೆ ಎಂಬುದು ಅರಿವಾಗುತ್ತದೆ. ಹಾಗಾಗಿ ನಿಮ್ಮ ಮೊದಲ ಹಾಯ್ಕುವಿನ ಮೀನುಗಳು ಸುಳ್ಳಲ್ಲ, ಅವು ಇರುವ ವಿಳಾಸ ಮಾತ್ರ ತಪ್ಪಿದೆ.

ಎರಡನೆಯದು ಮೂರರಲ್ಲಿ ಅತ್ಯಂತ ಶಕ್ತಿಯುಳ್ಳದ್ದು, ಏಕೆಂದರೆ ಅದರಲ್ಲಿ ಒಂದೇ ಜೀವಿ ಇದೆ, ಒಂದೇ ಬಣ್ಣ ಇದೆ. ಆಳದ ಸೀಗಡಿಗಳಲ್ಲಿ ಅನೇಕವು ನಿಜವಾಗಿಯೂ ಗಾಢ ಕೆಂಪಗಿರುತ್ತವೆ. ಆದರೆ ಕೆಂಪು ಬೆಳಕೇ ಇಲ್ಲದಲ್ಲಿ ಕೆಂಪು ಮೈ ಏನನ್ನೂ ಮರಳಿಸಲಾರದು. ಅಲ್ಲಿ ಅದು ಕಪ್ಪು. ಸೀಗಡಿಗೆ ಬೇಕಾಗಿರುವುದೂ ಅದೇ, ಬೇಟೆಯಾಡುವವರ ಕಣ್ಣಿಗೆ ಬೀಳದಿರುವುದು. ನೀವು ಕೆಂಡವೆಂದು ಕರೆದಿರುವುದು ಅದರ ಪಾಲಿಗೆ ಅಡಗಿಕೊಳ್ಳುವ ಉಡುಪು. ಕಾಣಿಸುವ ಬಣ್ಣ ಮತ್ತು ಅಡಗಿಸುವ ಬಣ್ಣ ಒಂದೇ ಆಗಿರುವ ಈ ಸಂಗತಿಯಲ್ಲಿ ಒಂದು ಒಳ್ಳೆಯ ಹಾಯ್ಕು ಕಾದು ಕುಳಿತಿದೆ ಎಂದು ನನಗನ್ನಿಸುತ್ತದೆ. ಸೀಗಡಿ ಕೆಂಪಾಗಿ ಕಾಣುವ ಕ್ಷಣ ಯಾವುದು ಎಂದು ಯೋಚಿಸಿದರೆ, ಅದು ಮನುಷ್ಯನ ದೀಪ ಅದರ ಮೇಲೆ ಬಿದ್ದ ಕ್ಷಣ. ನಿಮ್ಮ ಪದಗಳನ್ನೇ ಆದಷ್ಟು ಉಳಿಸಿಕೊಂಡು ಹೀಗೊಂದು ಪ್ರಯತ್ನ ಮಾಡಿದ್ದೇನೆ.

ದೋಣಿಯ ದೀಪ
ಕಪ್ಪು ನೀರಿನಿಂದೆದ್ದ
ಕೆಂಪು ಸೀಗಡಿ

ಅಥವಾ ದೀಪ ಆರಿದ ಕ್ಷಣವನ್ನೂ ಹಿಡಿಯಬಹುದು.

ದೀಪ ಆರಿತು
ಕೆಂಪು ಸೀಗಡಿಯಿದ್ದ
ಕಡೆ ಕತ್ತಲು

ಎರಡರಲ್ಲಿಯೂ ಹೋಲಿಕೆಯನ್ನು ಬಿಟ್ಟಿದ್ದೇನೆ. ಹದಿನೇಳು ಅಕ್ಷರಗಳ ಒಳಗೆ ಸೀಗಡಿಯನ್ನು ಕೆಂಡವಾಗಿಸಲು ಹೋದರೆ ಓದುಗರು ಕೆಂಡವನ್ನು ಕಾಣುತ್ತಾರೆ, ಸೀಗಡಿ ಕೈಬಿಟ್ಟುಹೋಗುತ್ತದೆ.

ಆಳದ ಜೀವಿಗಳು ತಾವೇ ಹೊತ್ತಿಸಿಕೊಳ್ಳುವ ಬೆಳಕಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಕಡಲಾಳದ ನಿಜವಾದ ಬಣ್ಣವಿರುವುದು ಅಲ್ಲಿಯೇ. ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಸೇರಿ ಬೆಳಕು ಹೊಮ್ಮುವ ಈ ಕ್ರಿಯೆ ಬಹುಮಟ್ಟಿಗೆ ನೀಲಿ ಬೆಳಕನ್ನೇ ಕೊಡುತ್ತದೆ. ನೀರಿನಲ್ಲಿ ಬಹುದೂರ ಸಾಗುವ ಬೆಳಕು ಅದೇ, ಅಲ್ಲಿನ ಹೆಚ್ಚಿನ ಕಣ್ಣುಗಳು ಗುರುತಿಸಬಲ್ಲ ಬೆಳಕೂ ಅದೇ. ಅಟೋಲಾ ಎಂಬ ಗಾಢಗೆಂಪು ಲೋಳೆಮೀನಿನ (ಜೆಲ್ಲಿಫಿಶ್) ಮೇಲೆ ಯಾವುದಾದರೂ ಪ್ರಾಣಿ ಎರಗಿದಾಗ ಅದರ ಮೈಯಂಚಿನಲ್ಲಿ ನೀಲಿ ಬೆಳಕು ಗರಗರನೆ ಸುತ್ತತೊಡಗುತ್ತದೆ. ಎರಗಿದ ಪ್ರಾಣಿಯನ್ನು ತಿನ್ನಬಲ್ಲ ಇನ್ನೂ ದೊಡ್ಡ ಬೇಟೆಗಾರನನ್ನು ಕರೆಯುವ ಕೂಗು ಅದು ಎಂದು ಸಾಗರ ವಿಜ್ಞಾನಿಗಳು ವಿವರಿಸುತ್ತಾರೆ. 2012ರಲ್ಲಿ ಜಪಾನಿನ ಒಗಸಾವರ ದ್ವೀಪಗಳ ಬಳಿ ದೈತ್ಯ ಸ್ಕ್ವಿಡ್ಡನ್ನು ಅದರ ನೆಲೆಯಲ್ಲಿಯೇ ಚಿತ್ರೀಕರಿಸಿದ ತಂಡ ಇದೇ ನೀಲಿ ಸುತ್ತನ್ನು ಅನುಕರಿಸುವ ದೀಪವನ್ನು ಕೆಳಗಿಳಿಸಿತ್ತು. ಕ್ಯಾಮೆರಾಕ್ಕೆ ಬೇಕಾದ ಬೆಳಕನ್ನು ಆ ಜೀವಿಗಳಿಗೆ ಕಾಣದ ಕೆಂಪಿನಲ್ಲಿ ಒದಗಿಸಿತ್ತು. ಇನ್ನು, ರಕ್ತವರ್ಣದ ಹೊಟ್ಟೆಯುಳ್ಳ ಒಂದು ಬಗೆಯ ಬಾಚಣಿಗೆ ಲೋಳೆಜೀವಿ (ಕೋಂಬ್ ಜೆಲ್ಲಿ) ಇದೆ. ಅದು ನುಂಗಿದ ಬೇಟೆ ಹೊಟ್ಟೆಯೊಳಗೂ ಮಿನುಗುತ್ತಿದ್ದರೆ ತಿಂದವನ ಗುಟ್ಟು ಬಯಲಾಗುತ್ತದೆಯಲ್ಲವೇ, ಅದನ್ನು ಮರೆಮಾಡುವುದು ಆ ಕೆಂಪು ಪರದೆಯ ಕೆಲಸ ಎಂದು ಭಾವಿಸಲಾಗಿದೆ. ಮ್ಯಾಲಕೋಸ್ಟಿಯಸ್ ಎಂಬ ಮೀನು ಎಲ್ಲಕ್ಕೂ ಅಪವಾದ: ಅದು ಕಣ್ಣಿನ ಕೆಳಗಿನಿಂದ ಕೆಂಪು ಬೆಳಕನ್ನು ಚೆಲ್ಲುತ್ತದೆ, ಆ ಕೆಂಪನ್ನು ತಾನು ನೋಡಬಲ್ಲದು, ಹೆಚ್ಚಿನ ನೆರೆಹೊರೆಯವರು ನೋಡಲಾರರು.

ಕಪ್ಪನ್ನೂ ಬಣ್ಣವೆಂದೇ ಎಣಿಸಿ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 99.5ಕ್ಕಿಂತ ಹೆಚ್ಚನ್ನು ಹೀರಿಕೊಂಡುಬಿಡುವ 16 ಜಾತಿಯ ಆಳದ ಮೀನುಗಳನ್ನು ಗುರುತಿಸಿತು. ಅಂಥ ಮೀನಿನ ಎದುರು ದೀಪ ಹಿಡಿದರೂ ಕಾಣುವುದು ಮೀನಿನ ಆಕಾರದ ಕತ್ತಲೆಯಷ್ಟೇ.

ಕಡಲಾಳವನ್ನು ಕಾಣದವರು ಬರೆಯಬಹುದೇ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬರೆಯಬಹುದು, ಆದರೆ ಕಂಡವರ ವಿವರಗಳನ್ನು ಹತ್ತಿರದಿಂದ ಓದಿ ಬರೆಯಬೇಕು. 1934ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಜೀವವಿಜ್ಞಾನಿ ವಿಲಿಯಂ ಬೀಬಿ ಮತ್ತು ಎಂಜಿನಿಯರ್ ಓಟಿಸ್ ಬಾರ್ಟನ್ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದ ಬಳಿ ಒಂದೂವರೆ ಮೀಟರಿಗಿಂತ ಕಿರಿದಾದ ಉಕ್ಕಿನ ಗೋಳದೊಳಗೆ ಮುದುಡಿ ಕುಳಿತು 923 ಮೀಟರ್ ಆಳಕ್ಕೆ ಇಳಿದರು. ಪುಟ್ಟ ಕಿಟಕಿಯ ಎದುರು ಹಾದುಹೋದ ಪ್ರತಿಯೊಂದು ಮಿನುಗನ್ನೂ ಬೀಬಿ ಟೆಲಿಫೋನಿನಲ್ಲಿ ಮೇಲಕ್ಕೆ ಹೇಳುತ್ತಿದ್ದರು, ಹಡಗಿನಲ್ಲಿದ್ದ ಗ್ಲೋರಿಯಾ ಹಾಲಿಸ್ಟರ್ ಅದನ್ನು ಬರೆದುಕೊಳ್ಳುತ್ತಿದ್ದರು. ಆ ಆಳಕ್ಕೆ ಎಂದೂ ಇಳಿಯದ ಎಲ್ಸ್ ಬೋಸ್ಟೆಲ್‌ಮನ್ ಎಂಬ ಕಲಾವಿದೆ ಆ ವಿವರಗಳಿಂದಲೇ ಆಳದ ಜೀವಿಗಳ ಚಿತ್ರಗಳನ್ನು ಬಿಡಿಸಿದರು. ದೀಪಗಳು ಎಷ್ಟು, ಮೈಯ ಯಾವ ಭಾಗದಲ್ಲಿ, ಯಾವ ಬಣ್ಣ ಎಂಬಷ್ಟು ನಿಖರವಾದ ಮಾತು ಕೈಗೆ ಸಿಕ್ಕಿದ್ದರಿಂದ ಅದು ಸಾಧ್ಯವಾಯಿತು. ಕಂಡದ್ದನ್ನು ಕಂಡಂತೆ ಬರೆಯಿರಿ ಎಂದು ಹಾಯ್ಕುವಿಗೆ ಹೊಸ ದಾರಿ ತೋರಿದ ಜಪಾನಿನ ಕವಿ ಮಸಾವೊಕ ಶಿಕಿ ತಮ್ಮ ಕೊನೆಯ ವರ್ಷಗಳನ್ನು ಹಾಸಿಗೆ ಹಿಡಿದೇ ಕಳೆದರು, ಅಲ್ಲಿಂದ ಕಾಣುವಷ್ಟನ್ನೇ ಬರೆದರು. ನಮಗೆ ದಕ್ಕುವ ಕಿಟಕಿ ವಿಡಿಯೊ ಪರದೆ. ಅಮೆರಿಕದ ಮಾಂಟೆರೆ ಕೊಲ್ಲಿಯ ಸಾಗರ ಸಂಶೋಧನಾ ಸಂಸ್ಥೆ ಎಂಬಾರಿ (MBARI) ಪ್ರಕಟಿಸುವ ವಿಡಿಯೊಗಳು ಮತ್ತು ಶ್ಮಿಟ್ ಸಾಗರ ಸಂಸ್ಥೆಯವರ ನೇರ ಪ್ರಸಾರಗಳು ಯಾರಿಗೂ ಉಚಿತವಾಗಿ ಸಿಗುತ್ತವೆ. ಅವನ್ನು ನೋಡುವಾಗ ಧ್ವನಿಯನ್ನು ನಿಲ್ಲಿಸಿಬಿಡಿ, ಒಂದೇ ಜೀವಿಯನ್ನು ಆರಿಸಿಕೊಳ್ಳಿ, ಅದು ಏನು ಮಾಡಿತು ಎಂಬುದನ್ನು ಕ್ರಿಯಾಪದಗಳಲ್ಲಿ ಬರೆದುಕೊಳ್ಳಿ. ಪರದೆಯ ಮೇಲೆ ಕಾಣುವ ಬಣ್ಣ ಯಂತ್ರದ ದೀಪದ್ದು ಎಂಬ ಎಚ್ಚರವೂ ಇರಲಿ.

ಋತುಪದದ ವಿಷಯದಲ್ಲಿ ಜಪಾನಿನ ಸಂಪ್ರದಾಯವೇ ನಮಗೆ ದಾರಿ ಮಾಡಿಕೊಟ್ಟಿದೆ. ಅಲ್ಲಿನ ಋತುಪದಗಳ ಕೋಶಗಳಲ್ಲಿ ಲೋಳೆಮೀನು ಬೇಸಿಗೆಗೆ, ಸಮುದ್ರಸೌತೆ ಮತ್ತು ತಳದಲ್ಲಿ ಬದುಕುವ ಗಾಳಮೀನು (ಆಂಗ್ಲರ್ ಫಿಶ್) ಚಳಿಗಾಲಕ್ಕೆ ಸೇರಿವೆ. ಹೊತಾರು ಇಕಾ, ಅಂದರೆ ಮಿಂಚುಹುಳುವಿನಂತೆ ಮಿನುಗುವ ಪುಟ್ಟ ಸ್ಕ್ವಿಡ್, ವಸಂತದ ಪದ. ಬೆರಳಿನಷ್ಟು ಉದ್ದದ ಈ ಜೀವಿ ಹಗಲೆಲ್ಲ ನೂರಾರು ಮೀಟರ್ ಆಳದಲ್ಲಿದ್ದು, ವಸಂತ ಬಂದಾಗ ಮೊಟ್ಟೆಯಿಡಲು ರಾತ್ರಿಯ ಹೊತ್ತು ತೊಯಾಮ ಕೊಲ್ಲಿಯ ದಡದತ್ತ ಏರಿ ಬರುತ್ತದೆ. ಮೀನುಗಾರರು ನೀರಿನಲ್ಲಿ ಕಟ್ಟಿಟ್ಟ ಬಲೆಯನ್ನು ಎಳೆಯುತ್ತ ಬಂದಂತೆ ಸಾವಿರಾರು ಸ್ಕ್ವಿಡ್‌ಗಳ ತೋಳಿನ ತುದಿಗಳು ಒಮ್ಮೆಲೇ ನೀಲಿಯಾಗಿ ಹೊತ್ತಿಕೊಳ್ಳುತ್ತವೆ. ಆಳದ ಬೆಳಕು ಮನುಷ್ಯನ ಕೈಯಳತೆಗೆ ಬರುವ ಅಪರೂಪದ ಸಂದರ್ಭ ಅದು.

ವಸಂತರಾತ್ರಿ
ಬಲೆಯನ್ನೆಳೆದಷ್ಟೂ
ನೀಲಿ ಹತ್ತಿರ

ನಮ್ಮ ಋತುವನ್ನೇ ತರಬೇಕೆಂದಿದ್ದರೆ ಅರಬ್ಬಿ ಸಮುದ್ರದಲ್ಲಿ ಅದಕ್ಕೆ ನಿಜವಾದ ಆಧಾರವಿದೆ. ಮೇಲಿನ ನೀರಿನ ಸೂಕ್ಷ್ಮಜೀವಿಗಳ ಅವಶೇಷ, ಮಲ, ಲೋಳೆ ಎಲ್ಲ ಸೇರಿ ಬಿಳಿಯ ಹುಡಿಯಾಗಿ ಹಗಲಿರುಳು ಆಳಕ್ಕೆ ಉದುರುತ್ತಿರುತ್ತವೆ, ಅದನ್ನು ಕಡಲ ಹಿಮವೆಂದು ಕರೆಯುತ್ತಾರೆ. ಮುಂಗಾರಿನ ಬಿರುಗಾಳಿ ಅರಬ್ಬಿ ಸಮುದ್ರವನ್ನು ಕಲಕಿ ಕೆಳಗಿನ ಪೋಷಕಾಂಶಗಳನ್ನು ಮೇಲಕ್ಕೆ ತರುತ್ತದೆ, ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಅದರ ಬೆನ್ನಿಗೇ ತಳಕ್ಕೆ ಬೀಳುವ ಹುಡಿಯೂ ಹೆಚ್ಚುತ್ತದೆ. ಸಂಶೋಧಕರು ಆಳದಲ್ಲಿ ಕಟ್ಟಿದ ಸಂಗ್ರಾಹಕಗಳಲ್ಲಿ ಈ ಏರಿಕೆ ಸ್ಪಷ್ಟವಾಗಿ ದಾಖಲಾಗಿದೆ. ಅಂದರೆ ನಮ್ಮ ಮಳೆಗಾಲ ಸೂರ್ಯನ ಬೆಳಕು ಮುಟ್ಟಲಾರದ ಜಾಗವನ್ನೂ ಮುಟ್ಟುತ್ತದೆ! ಇದನ್ನು ಮೊದಲು ತಿಳಿದಾಗ ನನಗಾದ ಸಂತೋಷ ಇನ್ನೂ ಹಾಗೆಯೇ ಇದೆ.

ಶ್ರಾವಣ ಮಳೆ
ಕಡಲ ತಳದಲ್ಲಿ
ಹುಡಿಯ ಸೋನೆ

ಕರಾವಳಿಯಲ್ಲಿರುವ ಸದಸ್ಯರಿಗೆ ಒಂದು ಮಾತು. ನಮ್ಮ ತೀರದಲ್ಲಿ ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಮಿನುಗುವುದುಂಟು. ಅದು ನಾಕ್ಟಿಲೂಕಾದಂಥ ಮೇಲ್ನೀರಿನ ಸೂಕ್ಷ್ಮಜೀವಿಗಳ ಬೆಳಕು, ಆಳದ್ದಲ್ಲ. ಆದರೆ ಜೀವಿಯ ಬೆಳಕನ್ನು ಕಣ್ಣಾರೆ ಕಂಡು ಬರೆಯಲು ಅದಕ್ಕಿಂತ ಹತ್ತಿರದ ಅವಕಾಶ ನಮಗಿಲ್ಲ.

ಈಗ ಲೆಕ್ಕದ ವಿಷಯ. ಜಪಾನಿಯರು ಎಣಿಸುವುದು ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರವಾದದ್ದು. ದೀರ್ಘ ಸ್ವರಕ್ಕೆ ಅವರಲ್ಲಿ ಎರಡು ಎಣಿಕೆ, ಒತ್ತಿನ ನಿಲುಗಡೆಗೂ ಒಂದು ಎಣಿಕೆ. ನಿಮ್ಮ ಮೂರನೆಯ ಹಾಯ್ಕುವಿನಲ್ಲಿ 17 ಅಕ್ಷರಗಳಿವೆ, ಲಘು ಗುರು ಹಾಕಿ ನೋಡಿದರೆ 23 ಮಾತ್ರೆಗಳಾಗುತ್ತವೆ. ಕನ್ನಡದಲ್ಲಿ ಅಕ್ಷರ ಎಣಿಸುವ ರೂಢಿ ನೆಲೆಯೂರಿದೆ, ಅದನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಅಭ್ಯಾಸಕ್ಕಾಗಿ ಒಮ್ಮೆ 17 ಮಾತ್ರೆಗಳಲ್ಲಿ ಬರೆದು ನೋಡಿದರೆ ಎಷ್ಟು ಕಡಿಮೆ ಪದಗಳು ಸಾಕಾಗುತ್ತವೆ ಎಂಬುದು ಮನದಟ್ಟಾಗುತ್ತದೆ. ಕೆಳಗಿನದು ಐದು, ಏಳು, ಐದು ಮಾತ್ರೆಗಳದ್ದು.

ಕಡಲ ತಳ
ಬಿಡದೆ ಬೀಳುವ
ಬಿಳಿಯ ಹುಡಿ

ಅಕ್ಷರ ಹೊಂದಿಸಲು ‘ಕಡಲಾಳದಿ’, ‘ಕಡಲಲಿ’, ‘ಗರ್ಭದಿ’ ಎಂದು ವಿಭಕ್ತಿಯನ್ನು ಮೊಟಕು ಮಾಡುವುದನ್ನು ದಯವಿಟ್ಟು ಬಿಟ್ಟುಬಿಡಿ. ಇಂದಿನ ಗದ್ಯದಲ್ಲಿ ಬಳಸದ ರೂಪ ಹಾಯ್ಕುವಿನೊಳಗೆ ಬಂದರೆ ಕಿವಿ ಜೀವಿಯಿಂದ ಸರಿದು ಛಂದಸ್ಸಿನ ಕಡೆ ಹೊರಳುತ್ತದೆ. ಒಂದು ಅಕ್ಷರ ಹೆಚ್ಚಾದರೆ ಹೆಚ್ಚಾಗಲಿ.

ಮೂರನೆಯ ಹಾಯ್ಕುವಿನ ‘ದೇವರ ಲೀಲೆ’ ಬಂದದ್ದು ಎಲ್ಲಿಂದ ಎಂಬುದು ನನಗೆ ಅರ್ಥವಾಗುತ್ತದೆ. ತ್ರಿಪದಿಯಲ್ಲಿ ಪಳಗಿದ ನಮ್ಮ ಕಿವಿ ಮೂರನೆಯ ಸಾಲಿನಲ್ಲಿ ತೀರ್ಪನ್ನು ಬಯಸುತ್ತದೆ, ಅದು ತ್ರಿಪದಿಯ ಸೊಗಸೂ ಹೌದು. ಹಾಯ್ಕುವಿನಲ್ಲಿ ಆ ಜಾಗಕ್ಕೆ ಇನ್ನೊಂದು ಕಾಣುವ ಅಥವಾ ಕೇಳುವ ವಸ್ತು ಬರಬೇಕು. ಬೆರಗು ನಿಮ್ಮಲ್ಲಿ ಧಾರಾಳವಾಗಿದೆ, ಅದನ್ನು ಓದುಗರಿಗೆ ಉಂಟುಮಾಡುವ ಜೀವಿ ಯಾವುದೆಂದು ಹೇಳಿಬಿಟ್ಟರೆ ದೇವರ ಹೆಸರನ್ನು ಅವರೇ ತಂದುಕೊಳ್ಳುತ್ತಾರೆ. ‘ಸಾವಿರ ಬಣ್ಣ’ ಎಂಬಲ್ಲಿ ಒಂದು ಬಣ್ಣವನ್ನು ಇಡಿ.

ಈ ವಾರ ಎರಡನೆಯದನ್ನು ಮಾತ್ರ ಕೈಗೆತ್ತಿಕೊಂಡು, ನನ್ನ ರೂಪಗಳನ್ನು ಮರೆತು, ಸೀಗಡಿಯ ಕೆಂಪು ಯಾವ ಬೆಳಕಿನಲ್ಲಿ ಕಂಡಿತೆಂಬುದು ಓದುಗರಿಗೆ ತಿಳಿಯುವಂತೆ ಹೊಸದಾಗಿ ಬರೆಯಿರಿ. ಮೊದಲನೆಯದನ್ನು ನೇತ್ರಾಣಿಯ ಬಿಸಿಲು ನೀರಿಗೆ ಸಾಗಿಸಿದರೆ ಆ ಮೀನುಗಳಿಗೆ ತಮ್ಮ ಜಾಗ ಸಿಗುತ್ತದೆ. ಮೂರನೆಯದಕ್ಕೆ ಅಟೋಲಾದ ವಿಡಿಯೊವೊಂದನ್ನು ನೋಡಿದ ಮೇಲಷ್ಟೇ ಕೈಹಾಕಿ, ಕರಡುಗಳನ್ನು ಇದೇ ಚರ್ಚೆಯ ಕೆಳಗೆ ಹಾಕಿದರೆ ಸಾಲು ಸಾಲಾಗಿ ಕುಳಿತು ನೋಡೋಣ.